ನೇರಳೆ ಉಟ್ಟ ಭಾನುವಾರ

ಇರಿಡೆ ಮಾಂಗಿ ವಿಯೆನ್ನಾದಲ್ಲಿ ಹಾಡಿದ್ದಳು, ನ್ಯೂಯಾರ್ಕಿನಲ್ಲಿ ಹಾಡಿದ್ದಳು. ಬ್ಯೂನಸ್ ಐರಿಸ್‌ನಲ್ಲಿ ಜನ ಅವಳ ಕಾರನ್ನು ಬೀದಿಯುದ್ದಕ್ಕೂ ಕೈಯಲ್ಲೇ ತಳ್ಳಿಕೊಂಡು ಹೋಗಿದ್ದರು. ಆದರೆ ಹುಟ್ಟಿದೂರಿನ ರಂಗಮಂದಿರದಲ್ಲಿ ಅವಳು ಒಮ್ಮೆಯೂ ಹಾಡಿರಲಿಲ್ಲ. ಕರೆ ಬಂದಿತ್ತು, ಧೈರ್ಯ ಬಂದಿರಲಿಲ್ಲ. ಪಾರ್ಮಾಕ್ಕೆ ರೈಲಿನಲ್ಲಿ ಅರ್ಧ ಗಂಟೆ ದೂರದ ಆ ಊರಿನ ಮಂದಿರದ ಮೇಲಟ್ಟದಲ್ಲಿ ಅಗ್ಗದ ಟಿಕೆಟ್ಟು ಹಿಡಿದು ಕೂರುವವರು ಬೇಕರಿಯವರು, ರೈಲ್ವೆಯವರು, ಚೀಸು ಮಾಡುವವರು. ಆಪೆರಾದ ಒಂದೊಂದು ಸಾಲೂ ಅವರಿಗೆ ಬಾಯಿಪಾಠ. ಸ್ವರ ಜಾರಿದರೆ ಸಾಕು, ಸಿಳ್ಳೆ ಹೊಡೆದು ಇಳಿಸುತ್ತಾರೆ. ಇಳಿಸಿಕೊಂಡವರು ಆಮೇಲೆ ಲಂಡನ್ನಿನಲ್ಲಿ ಹಾಡಲಿ, ಟೋಕಿಯೋದಲ್ಲಿ ಹಾಡಲಿ, ಆ ಸಿಳ್ಳೆ ಕಿವಿಯಿಂದ ಹೋಗುವುದಿಲ್ಲ.

ನಲವತ್ತೈದು ದಾಟಿದ ಮೇಲೆ ಇರಿಡೆಗೆ ತನ್ನ ಗಂಟಲಿನ ಮೇಲೆ ಪೂರ್ತಿ ನಂಬಿಕೆ ಬಂತು. ಅವಳಮ್ಮ ಆರ್ಜಿಯಾ ಅದೇ ಮಂದಿರದಲ್ಲಿ ಮುಖ್ಯ ಗಾಯಕರ ಹಿಂದೆ ಗುಂಪಾಗಿ ಹಾಡುವ ಮೇಳದಲ್ಲಿ, ಹೆಂಗಸರ ಕೆಳಸ್ಥಾಯಿಯ ಸಾಲಿನಲ್ಲಿ, ನಿವೃತ್ತಿಯಾಗುವವರೆಗೂ ನಿಂತು ಹಾಡಿದವಳು. ಅಮ್ಮ ಕೇಳುವಷ್ಟು ಗಟ್ಟಿಯಾಗಿರುವಾಗಲೇ ಹಾಡಬೇಕೆಂದು ಇರಿಡೆ ಬಂದಳು. ಭಾನುವಾರ ಮಧ್ಯಾಹ್ನದ ಆಟ. ಊರಿಗೆ ಊರೇ ಟಿಕೆಟ್ಟು ಕೊಂಡಿತ್ತು.

ಹಿಂದಿನ ದಿನದ ತಾಲೀಮು ಮುಗಿದಾಗ ಮಂದಿರದ ಮುಖ್ಯಾಧಿಕಾರಿ ಡಾಕ್ಟರ್ ಫೋರ್ನಾರಿ ಅವಳನ್ನು ಕಾಫಿಗೆ ಕರೆದ. ಓದಿದವರಿಗೆಲ್ಲ ಡಾಕ್ಟರ್ ಎನ್ನುವ ದೇಶ ಅದು. ಈತ ಓದಿದ್ದು ಲೆಕ್ಕಾಚಾರ.

"ಒಂದು ವಿಷಯ ಹೇಳ್ತೀನಿ ಮೇಡಂ. ನಾಳೆ ನಮ್ಮ ಮೇಳ ಹಾಡೋದು ಕೊನೇ ಸಲ."

"ಕೊನೇ ಸಲ ಅಂದ್ರೆ?"

"ತಿಂಗಳ ಸಂಬಳದ ಮೇಳ ಯಾಕೆ ಬೇಕು ಹೇಳಿ? ಆಟ ಇದ್ದಾಗ ಏಜೆನ್ಸಿಯಿಂದ ತರಿಸಿದ್ರಾಯ್ತು. ಮದುವೆಗೆ ಕುರ್ಚಿ ಬಾಡಿಗೆಗೆ ತರಲ್ವಾ, ಹಾಗೆ. ಸೋಮವಾರ ನಗರಸಭೆಯಲ್ಲಿ ಮತ ಹಾಕ್ತಾರೆ, ಮುಗೀತು."

"ಮೇಳದೋರಿಗೆ ಗೊತ್ತಾ?"

"ಗೊತ್ತು, ಗೊತ್ತು. ಮುಷ್ಕರ ಮಾಡ್ತೀವಿ ಅಂದ್ರು. ಧಾರಾಳವಾಗಿ ಮಾಡಿ ಅಂದೆ. ಊರಿನ ಮಗಳು ಮೊದಲ ಸಲ ಮನೆಗೆ ಬಂದಾಗ ಆಟ ನಿಲ್ಲಿಸಿದೋರು ಯಾರು ಅಂತ ಮೇಲಟ್ಟದೋರೇ ವಿಚಾರಿಸ್ಕೋತಾರೆ." ಆತ ಸಕ್ಕರೆ ಕಲಕುತ್ತ ನಕ್ಕ. "ಸುಮ್ಮನಾದ್ರು."

ಇರಿಡೆ ಕಾಫಿ ಮುಟ್ಟಲಿಲ್ಲ. ತನ್ನನ್ನು ಕರೆಸಿದ್ದು ಹಾಡಿಸಲಿಕ್ಕಲ್ಲ. ಮೇಳದವರ ಬಾಯಿಗೆ ತುರುಕುವ ಬಟ್ಟೆ ಬೇಕಿತ್ತು, ರೇಷ್ಮೆಯದೇ ಸಿಕ್ಕಿತ್ತು.

ಅಮ್ಮನ ಅಡುಗೆಮನೆಯಲ್ಲಿ ನೆಲ್ಲೊ ಆಗಲೇ ಬಂದು ಕೂತಿದ್ದ. ಮೇಳದ ಹಳೆಯ ಗಂಡುದನಿ. ಇರಿಡೆ ಚಿಕ್ಕವಳಿದ್ದಾಗಿನಿಂದ ಅವಳಿಗೆ ಮಾಮ. ಮುಂದಿದ್ದ ಸಾರಿನಲ್ಲಿ ಆನೊಲಿನಿ ಎಂಬ ಪುಟ್ಟ ಕಡುಬುಗಳು ತೇಲುತ್ತಿದ್ದವು, ಅವನು ಚಮಚ ಎತ್ತಿರಲಿಲ್ಲ.

"ನಾಳೆ ಗಂಟಲು ಕಟ್ಟಿದೆ ಅಂದ್ಬಿಡ್ತೀನಿ ನೆಲ್ಲೊ ಮಾಮ," ಎಂದಳು ಇರಿಡೆ.

"ಹುಚ್ಚಿ. ನಿನ್ನ ಬದಲಿಗೆ ಇನ್ನೊಬ್ಬಳು ನಿಲ್ತಾಳೆ. ಮೇಳದೋರು ಹೆದರಿಸಿ ಓಡಿಸಿದ್ರು ಅಂತ ಆ ಡಾಕ್ಟರು ಊರೆಲ್ಲ ಸಾರ್ತಾನೆ. ನೀನು ಹಾಡು. ಆಟ ಮುಗಿದ ಮೇಲೆ ಮೇಯರು ಪದಕ ಕೊಡ್ತಾನೆ, ಟೀವಿಯೋರು ಇರ್ತಾರೆ. ಆಗ ನಾಲ್ಕು ಮಾತಾಡು."

"ಮಾತು!" ಆರ್ಜಿಯಾ ಸೌಟು ಕುಕ್ಕಿದಳು. "ಈ ಊರೋರು ಮೈಕು ಕಂಡ್ರೆ ಎದ್ದು ಹೋಗೋಕೆ ಕೋಟು ಹುಡುಕ್ತಾರೆ. ಮೇಳ ತೆಗೆಯೋದನ್ನ ಸುಧಾರಣೆ ಅಂತ ಪೇಪರಿನಲ್ಲಿ ಹಾಕಿದ್ರಲ್ಲ, ಒಬ್ಬನಾದ್ರೂ ಓದಿದ್ನಾ?"

ಇರಿಡೆ ಪೆಟ್ಟಿಗೆ ತೆರೆದು ಬಟ್ಟೆ ತೂಗುಹಾಕತೊಡಗಿದಳು. ಹಿಂದಿನ ವಾರ ಹ್ಯಾಂಬರ್ಗಿನ ಸಂಗೀತ ಕಚೇರಿಗೆ ಉಟ್ಟ ಗೌನು ಹೊರಗೆ ಬಂತು. ಕಡು ನೇರಳೆ ರೇಷ್ಮೆ.

ಆರ್ಜಿಯಾ ಹಾರಿಬಿದ್ದು ಒಲೆಯ ಕಬ್ಬಿಣ ಹಿಡಿದುಕೊಂಡಳು. ನೆಲ್ಲೊ ಜೇಬಿನ ಬೀಗದಕೈ ತಡಕಿದ. ಕೆಡುಕು ತಟ್ಟದಿರಲೆಂದು ಕಬ್ಬಿಣ ಮುಟ್ಟುವುದು ಅಲ್ಲಿಯ ರೂಢಿ.

"ಥೂ! ಆ ಬಣ್ಣಾನ ಮನೆಯೊಳಗೆ ತರೋದೇನೇ?"

"ಜರ್ಮನಿಯಲ್ಲಿ ಯಾರೂ ಕೇಳಲ್ಲಮ್ಮ."

ಅಲ್ಲಿ ಕೇಳುವುದಿಲ್ಲ. ಇಲ್ಲಿ ರಂಗಮಂದಿರಕ್ಕೆ ನೇರಳೆ ಟೈ ಕಟ್ಟಿಕೊಂಡು ಬಂದವನನ್ನು ಬಾಗಿಲಲ್ಲೇ ಬಿಚ್ಚಿಸುತ್ತಾರೆ. ಹಳೆಯ ಕಾಲದಲ್ಲಿ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಇಗರ್ಜಿಗಳಿಗೆ ನೇರಳೆ ಬಟ್ಟೆ ಬೀಳುತ್ತಿತ್ತು, ರಂಗಮಂದಿರಗಳಿಗೆ ಬೀಗ ಬೀಳುತ್ತಿತ್ತು. ಬಿಷಪ್ಪನ ಉಪವಾಸಕ್ಕೆ ಮೀನಿತ್ತು, ಹಬ್ಬದ ದಿನಕ್ಕೆ ಕುರಿಮರಿ ಕಾದಿತ್ತು. ಆಟದವರ ಉಪವಾಸಕ್ಕೆ ಒಣರೊಟ್ಟಿಯೂ ಇರಲಿಲ್ಲ. ಜನ ಅದನ್ನು ಅಪಶಕುನ ಎನ್ನುತ್ತಾರೆ. ಅದು ಶಕುನವಲ್ಲ, ಹೊಟ್ಟೆ ಮರೆಯದೆ ಇಟ್ಟುಕೊಂಡ ನೆನಪು.

"ನೇರಳೆ ಬಂತು ಅಂದ್ರೆ ಒಲೆ ಆರಿತು ಅಂತ ನಮ್ಮಜ್ಜಿ ಹೇಳೋಳು," ಎಂದ ಆರ್ಜಿಯಾ ಅಲ್ಲಿಗೇ ನಿಂತಳು.

ಮೂವರೂ ಗೌನನ್ನು ನೋಡಿದರು.

"ಬೇಡ ಮಗಾ, ಪದಕ ತಗೊಳ್ಳೋವಾಗ ಇದನ್ನ ಉಡಬೇಡ," ನೆಲ್ಲೊ ಮೊದಲು ಬಾಯಿಬಿಟ್ಟ. "ಮೇಲಟ್ಟದೋರು ಸಿಗಿದು ಹಾಕ್ತಾರೆ."

"ಹಾಕ್ಲಿ. ಇಷ್ಟು ವರ್ಷ ಹೆದರಿದ್ದು ಸಾಕಾಗಿದೆ."

ಆರ್ಜಿಯಾ ಒಲೆ ಬಿಟ್ಟು ಬಂದು ರೇಷ್ಮೆಯ ಅಂಚನ್ನು ಎರಡು ಬೆರಳಿನಲ್ಲಿ ಮುಟ್ಟಿದಳು. "ಮೊದಲು ಹಾಡು. ಕೆಟ್ಟದಾಗಿ ಹಾಡಿದೋಳು ಇದನ್ನ ಉಟ್ರೆ ದರಿದ್ರ ಅಂತಾರೆ. ಚೆನ್ನಾಗಿ ಹಾಡಿದೋಳು ಉಟ್ರೆ, ಯಾಕೆ ಅಂತ ಕೇಳ್ತಾರೆ."

ಭಾನುವಾರ ಇರಿಡೆ ಹಾಡಿದಳು. ಮೊದಲ ಅಂಕದಲ್ಲೇ ಮೇಲಟ್ಟದ ಕೆಮ್ಮು ನಿಂತಿತು. ಕೊನೆಯ ಅಂಕದಲ್ಲಿ, ಬೆನ್ನ ಹಿಂದೆ ಮೇಳ ಒಂದೇ ಉಸಿರಿನಲ್ಲಿ ದನಿ ತಗ್ಗಿಸಿದಾಗ, ಅವಳು ಮೇಲಿನ ಸ್ವರವನ್ನು ನೂಲಿನಷ್ಟು ತೆಳ್ಳಗೆ ಎಳೆದು ಹಿಡಿದಳು. ಅಂಥ ಮೇಳ ಅವಳಿಗೆ ನ್ಯೂಯಾರ್ಕಿನಲ್ಲೂ ಸಿಕ್ಕಿರಲಿಲ್ಲ. ಈ ಜನ ಜೊತೆಗೆ ಉಸಿರಾಡಿ ಬೆಳೆದವರು. ಏಜೆನ್ಸಿಯವರು ಕೊರಳು ಕಳಿಸಿಯಾರು, ಆ ಉಸಿರನ್ನು ಎಲ್ಲಿಂದ ಕಳಿಸುತ್ತಾರೆ? ಪರದೆ ಬಿದ್ದಾಗ ಮೇಲಟ್ಟ ಗುಡುಗಿತು.

ಅವಳು ಓಡಿಹೋಗಿ ಬಟ್ಟೆ ಬದಲಿಸಿದಳು. ವೇಷ ಉಡಿಸುವ ಹೆಂಗಸು ಕತ್ತರಿಯನ್ನು ಎದೆಗವಚಿಕೊಂಡು ಗೋಡೆಗೆ ಒರಗಿದಳು. ಬಾಗಿಲು ಬಡಿದ ಸದ್ದಾಯಿತು. ಫೋರ್ನಾರಿ! ಇಲ್ಲೇ ತಡೆದುಬಿಡುತ್ತಾನೆ ಎಂದುಕೊಂಡಳು ಇರಿಡೆ.

"ಆಹಾ ಮೇಡಂ! ಈ ಬಣ್ಣ ನಿಮಗೆ ಎಷ್ಟು ಚೆನ್ನಾಗಿ ಒಪ್ಪುತ್ತೆ!"

ಮೂರು ವರ್ಷದಿಂದ ಆ ಮಂದಿರದ ಕುರ್ಚಿಯಲ್ಲಿ ಕೂತಿದ್ದ ಮನುಷ್ಯ. ಮೇಳದವರ ಜೊತೆ ಒಂದೇ ಒಂದು ಕಾಫಿ ಕುಡಿದಿದ್ದರೂ ಅವನಿಗೆ ಆ ಬಣ್ಣದ ಕತೆ ಗೊತ್ತಿರುತ್ತಿತ್ತು. ಅವನೇ ತೋಳು ಕೊಟ್ಟು ಅವಳನ್ನು ರಂಗದ ನಡುವಿಗೆ ಕರೆದೊಯ್ದ. ಪರದೆ ಎದ್ದಿತು.

ಚಪ್ಪಾಳೆ ಅರ್ಧಕ್ಕೇ ಸತ್ತಿತು. ಮರುಕ್ಷಣ ಮೇಲಟ್ಟದ ಉದ್ದಕ್ಕೂ ಠಣ್ ಠಣ್ ಎಂದಿತು. ಎಲ್ಲರೂ ಕಬ್ಬಿಣದ ಕಟಾಂಜನಕ್ಕೆ ಕೈ ಹಾಕಿದ್ದರು. ಪದಕದ ಡಬ್ಬಿ ಹಿಡಿದ ಮೇಯರು ಎರಡು ಹೆಜ್ಜೆ ಹಿಂದೆ ಸರಿದ.

"ಏನೇ ಇರಿಡೆ!" ಮೇಲಿನಿಂದ ಒಂದು ದಪ್ಪ ದನಿ ಕೂಗಿತು. "ನಮ್ಮನ್ನ ಸಾಯಿಸೋಕೆ ಬಂದ್ಯಾ?"

"ನಾನಲ್ಲ!" ಅವಳು ಮೈಕನ್ನು ಪಕ್ಕಕ್ಕೆ ಸರಿಸಿದಳು. ಆ ಗಂಟಲಿಗೆ ಮೈಕು ಯಾಕೆ? "ನನ್ನ ಪಕ್ಕದಲ್ಲಿ ನಿಂತಿದಾರಲ್ಲ, ಇವರನ್ನ ಕೇಳಿ! ಈ ಮೇಳದ ಒಲೆ ಆರಿಸೋಕೆ ನಾಳೆ ಮತ ಹಾಕ್ತಾರಂತೆ. ಮುಂದೆ ಬಾಡಿಗೆ ಮೇಳವಂತೆ, ಬಾಡಿಗೆ ಕುರ್ಚಿ ತಂದ ಹಾಗೆ! ನಮ್ಮಮ್ಮ ನಿಂತು ಹಾಡಿದ ಜಾಗ ಇದು. ಬಾಗಿಲು ಹಾಕೋ ಮನೆಗೆ ನಾನು ಯಾವ ಬಣ್ಣ ಉಟ್ಕೊಂಡು ಬರ್ಬೇಕಿತ್ತು, ನೀವೇ ಹೇಳಿ!"

ಆಮೇಲೆ ಅದೇ ದಪ್ಪ ದನಿ: "ಮೇಯರೇ, ನಿಜಾನಾ?"

"ಅದು... ಒಂದು ಸುಧಾರಣೆ..."

ಇರಿಡೆ ಇಷ್ಟು ವರ್ಷ ಹೆದರಿದ್ದ ಸಿಳ್ಳೆ ಆಗ ಹೊರಟಿತು. ಅವಳ ಮೇಲಲ್ಲ. ಫೋರ್ನಾರಿ ಪರದೆ ಇಳಿಸಲು ಕೈ ಬೀಸಿದ. ಪರದೆಯವರಿಗೆ ಇದ್ದಕ್ಕಿದ್ದಂತೆ ಕಣ್ಣು ಕಾಣದಾಯಿತು.

"ಮೇಳ! ಇನ್ನೊಮ್ಮೆ! ಮೇಳ!" ಮೇಲಟ್ಟದವರು ಕಟಾಂಜನ ಬಡಿಯತೊಡಗಿದರು.

ಮೇಳದವರು ವೇಷದಲ್ಲೇ ಮುಂದೆ ಬಂದರು. ವಾದ್ಯವೃಂದದ ನಿರ್ದೇಶಕ ಕೋಲೆತ್ತಿದ. ಇರಿಡೆ ಹಿಂದೆ ನಡೆದು ಕೆಳಸ್ಥಾಯಿಯವರ ಸಾಲಿನಲ್ಲಿ, ಅಮ್ಮ ನಿಲ್ಲುತ್ತಿದ್ದ ಕಡೆ ನಿಂತು ಅವರ ಪಾಲಿನ ಸಾಲು ಹಾಡಿದಳು. ಅಡುಗೆಮನೆಯಲ್ಲಿ ಕೇಳಿ ಕೇಳಿ ಕಲಿತ ಸಾಲು. ಹಾಡು ಮುಗಿದ ಮೇಲೂ ಒಬ್ಬರೂ ಏಳಲಿಲ್ಲ. ಮತ ಮುಂದೂಡಿದ್ದೇವೆ ಎಂದ ಮೇಯರು. ಕಟಾಂಜನ ಮತ್ತೆ ಠಣ್ ಠಣ್ ಎಂದಿತು. ರದ್ದು ಎಂದ, ಟೀವಿಯ ಮುಂದೆಯೇ.

ಪಕ್ಕಕ್ಕೆ ಬಂದಾಗ ಫೋರ್ನಾರಿ ಹಲ್ಲು ಕಚ್ಚಿದ. "ಇನ್ನು ನೀವು ಇಲ್ಲಿ ಹಾಡಲ್ಲ."

"ಮೇಳ ಇರೋ ತನಕ ನನ್ನ ಕರೆಯೋರು ಇರ್ತಾರೆ ಡಾಕ್ಟರೇ. ನಿಮ್ಮನ್ನ ಕರೆಯೋರು ಯಾರು?"

ಹಿಂಬಾಗಿಲಲ್ಲಿ ನೆಲ್ಲೊ ಕಾಯುತ್ತಿದ್ದ. "ಆಡಿದ್ದನ್ನ ನುಂಗೋ ಜಾತಿ ಆ ಮೇಯರು. ನಾಳೆ ಬೆಳಗ್ಗೆ ನಗರಸಭೆ ಮೆಟ್ಟಿಲ ಮೇಲೆ ಕೂರ್ತೀವಿ, ಎಲ್ಲರೂ. ಹೆಂಗಸರು ನೇರಳೆ ಶಾಲು ಹುಡುಕ್ತಾ ಇದಾರೆ, ಊರಲ್ಲಿ ಒಂದೂ ಸಿಕ್ತಿಲ್ಲ!"

"ಗೌನಿನ ನೆರಿಗೆ ಹರಿದು ಕೊಟ್ರೆ ಎಲ್ಲರಿಗೂ ಸಾಲುತ್ತೆ ಮಾಮ. ನಾನೂ ಬರ್ತೀನಿ."

ಅವನ ಪಕ್ಕದಲ್ಲೇ ನಿಂತಿದ್ದ ಆರ್ಜಿಯಾ ಮಗಳ ಕೊರಳಿಗೆ ಮಫ್ಲರು ಸುತ್ತಿದಳು. "ಎರಡನೇ ಅಂಕದಲ್ಲಿ ಶ್ರುತಿ ಇಳೀತು."

"ಗೊತ್ತಮ್ಮ."

"ಮೇಲಟ್ಟದೋರಿಗೂ ಗೊತ್ತು. ಇವತ್ತು ಬಿಟ್ಟಿದಾರೆ, ಮುಂದಿನ ಸಲ ಬಿಡಲ್ಲ."