ತಿರುವಿನ ಕೂಗು

ಕುದುರೆಯುಸಿರು ಎಂಬ ತಿರುವಿನಲ್ಲಿ ದಾರಿ ಎರಡು ಮೊಳಕ್ಕಿಂತ ಅಗಲವಿಲ್ಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆಳಗೆ ಹೊಳೆ. ಅಕ್-ಜಂಗಾಕ್ ಊರಿನವರು ಅಕ್ರೋಟು ಆರಿಸಲು ಕಾಡಿಗೆ ಹೋಗುವುದೂ, ದನ ಹೊಡೆದುಕೊಂಡು ಬರುವುದೂ, ಅತಿಥಿಗಳನ್ನು ಕುದುರೆಯ ಮೇಲೆ ಜಲಪಾತಕ್ಕೆ ಕರೆದೊಯ್ಯುವುದೂ ಅದೇ ದಾರಿಯಲ್ಲಿ. ಹಾಗಾಗಿ ಅಲ್ಲಿಗೊಂದು ಕಟ್ಟಳೆ ಇದೆ. ತಿರುವಿಗೆ ಮೊದಲು ನಿಂತು ಮನೆಯ ಹೆಸರು ಹಿಡಿದು ಕೂಗಬೇಕು. ಆಚೆ ಯಾರಾದರೂ ಇದ್ದರೆ ಅವರೂ ತಮ್ಮ ಮನೆಯ ಹೆಸರು ಕೂಗಿ ಉತ್ತರ ಕೊಡಬೇಕು. ಉತ್ತರ ಬಂದರೆ ಹೊರೆ ಇಲ್ಲದವನು ಹಿಂದೆ ಸರಿದು ಕಾಯಬೇಕು. ಬಾರದಿದ್ದರೆ ದಾರಿ ಖಾಲಿ ಎಂದು ತಿಳಿದು ಮುಂದೆ ನಡೆಯಬಹುದು.

ಮಂಗಳವಾರ ಮಧ್ಯಾಹ್ನ ಶಾರಿಪಾ ಉತ್ತರ ಕೊಟ್ಟಿರಲಿಲ್ಲ.

ಅವಳು ಕತ್ತೆಯ ಮೇಲೆ ಎರಡು ಚೀಲ ಅಕ್ರೋಟು ಹೇರಿಕೊಂಡು ಇಳಿಯುತ್ತಿದ್ದಳು. ತಿರುವಿನ ಆಚೆಯಿಂದ, ಅತಿಥಿಯೊಬ್ಬರನ್ನು ಕುದುರೆಯ ಮೇಲೆ ಕರೆತರುತ್ತಿದ್ದ ಜಪಾರನ ಕೂಗು ಸ್ಪಷ್ಟವಾಗಿ ಕೇಳಿತು. "ಓ... ತಾಷ್ತಾನ್!" ಅವಳು ಬಾಯಿ ತೆರೆದಳು, ಸ್ವರ ಹೊರಡಲಿಲ್ಲ. ಜಪಾರ್ ಸ್ವಲ್ಪ ಕಾದು ಮುಂದೆ ಬಂದ. ಕತ್ತೆಯನ್ನು ಕಂಡು ಅವನ ಹಿಂದಿನ ಕುದುರೆ ಬೆದರಿ ಮುಂಗಾಲೆತ್ತಿತು. ಅದರ ಮೇಲಿದ್ದ ಪರದೇಶದ ಮೇಷ್ಟರು ಬಂಡೆಯ ಕಡೆಗೆ ಬಿದ್ದರು. ಹೊಳೆಯ ಕಡೆಗೆ ಬೀಳದಿದ್ದುದು ದೇವರ ಕೃಪೆ. ಭುಜದ ಮೂಳೆ ಮುರಿದಿತ್ತು.

ಸಂಜೆ ದಾರಿಯ ಯಜಮಾನಿಕೆ ನೋಡುವ ಹಿರಿಯ ಓರೋಜ್ ಅತಾ ಅವಳ ಮನೆಗೆ ಬಂದು ಕೇಳಿದರು. "ಜಪಾರ್ ಕೂಗಿದ್ನೇನಮ್ಮ?"

ಶಾರಿಪಾ ತಲೆ ತಗ್ಗಿಸಿದಳು.

"ಬಿಡು, ನಿನಗೆ ತೊಂದರೆ ಕೊಡೋದಿಲ್ಲ. ಸುಮ್ನಿದ್ದೀಯಲ್ಲ, ಅವನು ಕೂಗಿಲ್ಲ ಅಂತ ಅದರಲ್ಲೇ ಗೊತ್ತಾಯ್ತು," ಎಂದು ಮುದುಕರು ಎದ್ದು ಹೋದರು.

ಶುಕ್ರವಾರದ ನಮಾಜು ಮುಗಿದ ಮೇಲೆ ಜಪಾರನ ಕುದುರೆಯ ಕಡಿವಾಣದಿಂದ ಕೆಂಪು ಕಂಬಳಿಯ ಪಟ್ಟಿಯನ್ನು ಬಿಚ್ಚುವುದೆಂದು ಊರಿನಲ್ಲಿ ಮಾತಾಯಿತು. ಆ ಪಟ್ಟಿ ಇಲ್ಲದ ಕುದುರೆ ಕಾಡಿನ ದಾರಿಗೆ ಕಾಲಿಡುವಂತಿಲ್ಲ. ಜಪಾರನಿಗೆ ಹೊಲವಿಲ್ಲ, ಕುರಿಯಿಲ್ಲ. ಇರುವುದು ಮೂರು ಕುದುರೆ, ಒಂದು ಗಂಟಲು.

ಗುರುವಾರ ಪಕ್ಕದ ಮನೆಯ ಬುರುಲ್ ಬಂದು ಶಾರಿಪಾಳ ಜೊತೆ ಅಕ್ರೋಟಿನ ಹಸಿರು ಸಿಪ್ಪೆ ಸುಲಿಯಲು ಕುಳಿತಳು. ಇಬ್ಬರ ಕೈಯೂ ಮೊಣಕೈಯವರೆಗೆ ಕಪ್ಪಾಗಿತ್ತು.

"ಹೋಗ್ಲಿ ಬಿಡು, ಪೀಡೆ ತೊಲಗಿತು," ಎಂದಳು ಬುರುಲ್. "ಬೆಟ್ಟದ ಮೇಲೆ ಕರಡಿಗೂ ನಿದ್ದೆ ಬರಲ್ಲ ಅವನ ಹಾಡಿಗೆ. ನಿನ್ನ ಯಜಮಾನ್ರಿಗೆ ಏನಂದ ಅಂತ ಮರೆತ್ಯಾ?"

ಶಾರಿಪಾ ಮರೆತಿರಲಿಲ್ಲ. ಕಳೆದ ವರ್ಷದ ವಸಂತದಲ್ಲಿ ಮಳೆ ನಿಂತ ಮಾರನೆಯ ದಿನವೇ ಜಪಾರ್ ಕುದುರೆ ಓಡಿಸಿ ದಾರಿಯನ್ನು ಕೆಸರು ಮಾಡಿದ್ದ. ಅವಳ ಗಂಡ ಮೊಯ್ದುನ್ ಕೇಳಿದ್ದಕ್ಕೆ, "ಈ ದಾರಿ ನಿಮ್ಮಪ್ಪ ಹಾಕಿಸಿದ್ದಾ?" ಎಂದಿದ್ದ. ಮೊಯ್ದುನ್ ಸಲಿಕೆ ಹಿಡಿದು ನಾಲ್ಕು ದಿನ ಆ ಗುಂಡಿಗಳನ್ನು ಮುಚ್ಚಿದ. ನಡೆಯುವಾಗ ಕಾಲಿಗೆ ಸಿಕ್ಕ ಕಲ್ಲನ್ನು ಎತ್ತಿ ಬದಿಗಿಡದೆ ಮುಂದೆ ಹೋದವನಲ್ಲ ಅವನು. ದಾರಿಯ ಮುಳ್ಳು ತೆಗೆಯುವುದೂ ದೇವರ ಕೆಲಸವೇ ಎನ್ನುತ್ತಿದ್ದ. ಅವನು ತೀರಿಕೊಂಡು ಎಂಟು ತಿಂಗಳಾಗಿತ್ತು.

"ಮರೆತಿಲ್ಲ," ಎಂದಳು ಶಾರಿಪಾ.

ಶುಕ್ರವಾರ ಬೆಳಗಿನ ನಮಾಜಿಗೆ ಅವಳು ಹಣೆಯನ್ನು ನೆಲಕ್ಕೆ ಮುಟ್ಟಿಸಿದಳು. ಮುಟ್ಟಿಸಿದ ಹಣೆ ಏಳಲಿಲ್ಲ. ನಲವತ್ತು ವರ್ಷ ಬಾಯಿಗೆ ಬಂದ ಮಾತುಗಳು ಅಂದು ಅರ್ಧಕ್ಕೇ ನಿಂತವು. ಈ ಸಲ ದಾರಿಯಲ್ಲಿ ಬಿದ್ದಿರುವ ಮುಳ್ಳು ತಾನೇ ಎಂದು ಅವಳಿಗೆ ತಿಳಿಯಿತು. ಮುಳ್ಳು ತನ್ನನ್ನು ತಾನೇ ಎತ್ತಿಕೊಳ್ಳಬೇಕು. ಅವಳು ಕಣ್ಣೊರೆಸಿಕೊಂಡು ನಮಾಜನ್ನು ಮೊದಲಿನಿಂದ ಶುರುಮಾಡಿ ಮುಗಿಸಿದಳು.

ಮಸೀದಿಯ ಮುಂದಿನ ಹಳೆಯ ಅಕ್ರೋಟು ಮರದ ಕೆಳಗೆ ಊರು ಸೇರಿತ್ತು. ಜಪಾರ್ ಕುದುರೆಯ ಕುತ್ತಿಗೆಯ ಮೇಲೆ ಕೈಯಿಟ್ಟು ನಿಂತಿದ್ದ.

"ಕೂಗಿದ್ದೆ ಅಂತ ಎಷ್ಟು ಸಲ ಹೇಳ್ಲಿ," ಎಂದ.

"ನೀನು ಯಾವಾಗ್ಲೂ ಕೂಗ್ತಾನೇ ಇರ್ತೀಯಪ್ಪ," ಎಂದರು ಯಾರೋ. "ಅದರಲ್ಲಿ ಹಾಡು ಯಾವುದು, ಕೂಗು ಯಾವುದು ಅಂತ ನಿನ್ನ ಕುದುರೆಗೂ ಗೊತ್ತಾಗಲ್ಲ." ಜನ ನಕ್ಕರು. ಓರೋಜ್ ಅತಾ ನಗದೆ ಕಡಿವಾಣದ ಗಂಟಿಗೆ ಕೈಹಾಕಿದರು.

"ಅತಾ, ಬಿಚ್ಚಬೇಡಿ," ಎಂದಳು ಶಾರಿಪಾ. ಹೆಂಗಸರ ನಡುವಿನಿಂದ ಎದ್ದು ಮುಂದೆ ಬಂದಳು. "ಅವನು ಕೂಗಿದ. ನನಗೆ ಕೇಳಿಸ್ತು. ಉತ್ತರ ಕೊಡದೆ ಇದ್ದದ್ದು ನಾನು. ನೀವು ಮನೆಗೆ ಬಂದು ಕೇಳಿದಾಗ ಬಾಯಿ ಬಿಡದೆ ಇದ್ದದ್ದೂ ನಾನೇ."

ಬುರುಲ್ ಅವಳ ತೋಳು ಹಿಡಿದು ಎಳೆದಳು. ಶಾರಿಪಾ ಬಿಡಿಸಿಕೊಂಡಳು.

ಮುದುಕರ ಕೈ ಗಂಟಿನ ಮೇಲೇ ನಿಂತಿತು. "ಕೇಳಿಸಿದ ಮೇಲೆ ಯಾಕಮ್ಮ ಸುಮ್ನಾದೆ?"

"ನಮ್ಮನೆ ಕೂಗು ಏನು ಅಂತ ನಿಮಗೆ ಗೊತ್ತಲ್ಲ. ನಮ್ಮ ಯಜಮಾನ್ರು ಬೇರೆ ಊರಿಂದ ಬಂದು ಇಲ್ಲಿ ಮನೆ ಕಟ್ಟಿದೋರು. ಅವರ ಹೆಸರೇ ನಮ್ಮನೆ ಹೆಸರು. ಮೊಯ್ದುನ್ ಅಂತ ಕೂಗಬೇಕು. ಮಣ್ಣು ಸೇರಿದೋರನ್ನ ಇಗೋ ಬಂದ್ರು ಅಂತ ಹೇಗೆ ಕೂಗ್ಲಿ? ಎಂಟು ತಿಂಗಳಿಂದ ಆ ತಿರುವಿಗೆ ಹೋದಾಗೆಲ್ಲ ಯಾರಾದ್ರೂ ದಾಟೋವರೆಗೆ ಕಾದು ಅವರ ಹಿಂದೆ ದಾಟ್ತೀನಿ. ಅವತ್ತು ಯಾರೂ ಇರಲಿಲ್ಲ." ಅವಳು ಉಳಿದದ್ದನ್ನೂ ಹೇಳಿದಳು. "ಅದು ಮಂಗಳವಾರದ ಮಾತು. ಆಮೇಲೆ ಸುಮ್ನಿದ್ದದ್ದಕ್ಕೆ ದುಃಖ ಕಾರಣ ಅಲ್ಲ. ಜಪಾರ್ ಮೇಲೆ ಸಿಟ್ಟಿತ್ತು."

ಓರೋಜ್ ಅತಾ ಜಪಾರನ ಕಡೆ ತಿರುಗಿದರು.

"ನೀನು ಯಾರ ಹೆಸರು ಕೂಗ್ತೀಯೋ?"

"ತಾಷ್ತಾನ್. ನಮ್ಮ ಮುತ್ತಜ್ಜ."

"ತಾಷ್ತಾನ್‌ನ ಕಣ್ಣಾರೆ ಕಂಡೋರು ಇಲ್ಲಿ ಯಾರಿದ್ದೀರಿ?" ಯಾರೂ ಕೈಯೆತ್ತಲಿಲ್ಲ. "ನೋಡಮ್ಮ, ಅವನೂ ಒಂದು ದಿನ ಸತ್ತ. ಅವನ ಹೆಂಡತಿಯೋ ಮಗಳೋ ಯಾರೋ ಆ ತಿರುವಲ್ಲಿ ನಿಂತು ಮೊದಲ ಸಲ ಅವನ ಹೆಸರು ಕೂಗಿರಬೇಕು. ಅವರಿಗೂ ಗಂಟಲು ಕಟ್ಟಿರುತ್ತೆ. ಕೂಗಿದ್ರು, ಅದಕ್ಕೇ ಎದುರು ಬರೋನು ಬದುಕಿದ. ಆ ಕೂಗು ಸತ್ತೋರಿಗಲ್ಲ, ಎದುರು ಬರೋನಿಗೆ."

ಶಾರಿಪಾ ತಲೆಯಾಡಿಸಿದಳು. "ಕಟ್ಟಳೆ ಮುರಿದೋರಿಗೆ ಏನಿದೆಯೋ ಅದು ನನಗೂ ಇರಲಿ ಅತಾ. ನಾಳೆ ಆಸ್ಪತ್ರೆಗೆ ಹೋಗಿ ಆ ಮೇಷ್ಟರ ಕ್ಷಮೆ ಕೇಳಿ ಬರ್ತೀನಿ."

"ಹಿಮ ಬೀಳೋವರೆಗೆ ತಿರುವಿನ ಕಲ್ಲು ತೆಗೆಯೋದು ನಿನ್ನ ಕೆಲಸ," ಎಂದರು ಮುದುಕರು. ಕೆಂಪು ಪಟ್ಟಿಯನ್ನು ಬಿಚ್ಚಲಿಲ್ಲ. ಗಂಟನ್ನು ಇನ್ನಷ್ಟು ಬಿಗಿದರು.

ಜನ ಚದುರಿದ ಮೇಲೆ ಜಪಾರ್ ಅವಳ ಹತ್ತಿರ ಬಂದು ಅಕ್ಕನನ್ನು ಕರೆಯುವಂತೆ ಕರೆದ. "ಅಪಾ, ಇನ್ನೂ ಸಿಟ್ಟಿದೆಯಾ?"

"ಇದೆ. ಮಳೆ ಬಂದ ಮಾರನೆ ದಿನ ಕುದುರೆ ಓಡಿಸಿದ್ಯಲ್ಲ, ಅದಕ್ಕೆ."

ಅವನು ಕಿವಿ ಕೆರೆದುಕೊಂಡ. "ಆ ಸಲಿಕೆ ನಿಮ್ಮನೇಲೇ ಇದೆಯಾ?"

"ಇದೆ. ಹಿಡಿ ಸವೆದಿದೆ."

"ಹಿಡಿ ನಾನು ಹಾಕಿಸ್ತೀನಿ," ಎಂದು ಅವನು ಕುದುರೆ ಹಿಡಿದು ಹೋದ.

ಸೋಮವಾರ ಬೆಳಗ್ಗೆ ಶಾರಿಪಾ ಮತ್ತೆ ಕತ್ತೆಯ ಮೇಲೆ ಚೀಲ ಹೇರಿ ಕಾಡಿನಿಂದ ಇಳಿದಳು. ತಿರುವಿಗೆ ಹತ್ತು ಹೆಜ್ಜೆ ಇರುವಾಗ ಆಚೆಯಿಂದ ಕೂಗು ಬಂತು. "ಓ... ತಾಷ್ತಾನ್!" ಇಂದು ಕೂಗಿನ ಹಿಂದೆ ಮುಂದೆ ಹಾಡು ಇರಲಿಲ್ಲ.

ಅವಳು ಬಿಸ್ಮಿಲ್ಲಾ ಹೇಳಿ ಉಸಿರೆಳೆದುಕೊಂಡಳು. ಮೊದಲ ಸಲ ಸ್ವರ ಒಡೆದು ಬಾಯಲ್ಲೇ ಉಳಿಯಿತು. ಅವಳು ಕತ್ತೆಯ ಬೆನ್ನು ಹಿಡಿದು, ಪಾದ ಊರಿ, ಮತ್ತೆ ಕೂಗಿದಳು.

"ಓ... ಮೊಯ್ದುನ್!"

ಎದುರು ಬೆಟ್ಟ ಆ ಹೆಸರನ್ನು ಹಿಡಿದುಕೊಂಡು, ಒಮ್ಮೆ ಗಟ್ಟಿಯಾಗಿ, ಒಮ್ಮೆ ಮೆಲ್ಲಗೆ, ಹಿಂದಿರುಗಿಸಿತು. ಆಚೆ ಗೊರಸಿನ ಸದ್ದು ನಿಂತಿತು, ಆಮೇಲೆ ಹಿಂದೆ ಸರಿಯಿತು.

ಅವಳು ಬಂಡೆಯ ಬದಿ ಹಿಡಿದು ಕತ್ತೆಯನ್ನು ನಡೆಸಿಕೊಂಡು ತಿರುವು ದಾಟಿದಳು. ದಾರಿ ಅಗಲವಾಗುವಲ್ಲಿ ಜಪಾರ್ ಕುದುರೆಯಿಂದ ಇಳಿದು ಕಾಯುತ್ತಿದ್ದ. ಅವನ ಹಿಂದೆ ಇಬ್ಬರು ಅತಿಥಿಗಳೂ ಇಳಿದು ನಿಂತಿದ್ದರು. ಸವಾರನೇ ಮೊದಲು ಸಲಾಂ ಹೇಳಬೇಕು. ಅವನು ಎದೆಯ ಮೇಲೆ ಕೈಯಿಟ್ಟು ಸಲಾಂ ಹೇಳಿ ನಕ್ಕ.

"ನಿಮ್ಮ ಗಂಟಲು ಇಷ್ಟು ಜೋರು ಅಂತ ಗೊತ್ತಿರ್ಲಿಲ್ಲ ಅಪಾ. ಕುದುರೆ ಕಿವಿ ಮುಚ್ಕೊಳ್ತು."

"ನಿನ್ನ ಹಾಡು ಕೇಳೀ ಕೇಳೀ ಅದಕ್ಕೆ ಅಭ್ಯಾಸ ಆಗಿರುತ್ತೆ ಬಿಡು," ಎಂದಳು ಶಾರಿಪಾ. ಸಲಾಮಿಗೆ ಉತ್ತರ ಹೇಳಿ, ಕತ್ತೆಯನ್ನು ಊರಿನ ದಾರಿಗೆ ತಿರುಗಿಸಿ, ಕಾಲಿಗೆ ಸಿಕ್ಕ ಕಲ್ಲೊಂದನ್ನು ಎತ್ತಿ ಬದಿಗಿಟ್ಟಳು.