ದೋಣಿಯ ಎಂಜಿನ್ ಮಾರಿ ಅರ್ಥಶಾಸ್ತ್ರದ ಪದವಿ?

ಮಂಗಳವಾರ ನಮ್ಮ ದಡದಲ್ಲಿ ಯಾರೂ ಕಡಲಿಗೆ ಇಳಿಯುವುದಿಲ್ಲ. ಅಂದು ಕಡಲದೇವರು ತನ್ನ ಮೀನುಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ಎಣಿಸುತ್ತಾನೆ, ಎಣಿಕೆ ತಪ್ಪಿಸಬಾರದು ಎಂದು ಅಜ್ಜಿ ಹೇಳುತ್ತಿದ್ದಳು. ಅದಕ್ಕೇ ಮಂಗಳವಾರ ದೋಣಿಗಳೆಲ್ಲ ಮರಳಿನ ಮೇಲೆ, ಗಂಡಸರು ಬಲೆ ಹೊಲಿಯುತ್ತ ನೆರಳಿನಲ್ಲಿ, ಹೆಂಗಸರು ಮನೆಯಲ್ಲಿ. ಇದು ದೇವರಿಗೂ ಗೊತ್ತು, ನಮಗೂ ಗೊತ್ತು. ಕಾಲೇಜಿನ ಏಜೆಂಟರಿಗೂ ಚೆನ್ನಾಗಿ ಗೊತ್ತು. ಅವರು ಬರುವುದು ಮಂಗಳವಾರವೇ.

ಒಂದು ಮಂಗಳವಾರ ಡಾಡ್ಜಿ ಎಂಬ ಏಜೆಂಟ್ ಬೆಂತ್ಸಿವಾಳ ಮನೆಗೆ ಬಂದಿದ್ದ. ಬೆಂತ್ಸಿವಾ ಮೀನಿಗೆ ಹೊಗೆ ಹಾಕಿ ಮಾರುವವಳು. ದೋಣಿ ಅವಳ ಗಂಡ ಎಸ್ಸೆಲ್‌ನದು, ಅದರ ಎಂಜಿನ್ ಅವಳದು. ಹದಿನೈದು ವರ್ಷ ಹೊಗೆಯಲ್ಲಿ ಕಣ್ಣು ಕೆಂಪು ಮಾಡಿಕೊಂಡು ಕೊಂಡ ಎಂಜಿನ್ ಅದು. ಎಂಜಿನ್ ಯಾರದೋ, ದೋಣಿಗೆ ಬಿದ್ದ ಮೀನಿನಲ್ಲಿ ಮೊದಲ ಪಾಲು ಅವರದು. ಇದು ನಮ್ಮ ದಡದ ಕಟ್ಟಳೆ. ಇನ್ನೊಂದು ಕಟ್ಟಳೆಯೂ ಉಂಟು. ಮೀನಿನ ಬೋಗುಣಿಯನ್ನು ಚಾಪೆಯ ಮೇಲೆ ಮಗುಚಿ ನೋಡಿದ ಮೇಲೆಯೇ ಬೆಲೆಯ ಮಾತು. ಮೇಲೆ ದಪ್ಪ ಮೀನು ಜೋಡಿಸಿ ಕೆಳಗೆ ಕೊಳೆತದ್ದು ತುಂಬುವವರು ಎಲ್ಲ ಕಾಲಕ್ಕೂ ಇದ್ದಾರೆ. ಬೆಂತ್ಸಿವಾ ಒಡಹುಟ್ಟಿದವರ ಬೋಗುಣಿಯನ್ನೂ ಮಗುಚದೆ ಬಿಟ್ಟವಳಲ್ಲ.

ಅಂಥವಳು ಡಾಡ್ಜಿ ಕೊಟ್ಟ ಒಂದು ಬಣ್ಣದ ಕಾಗದಕ್ಕೆ ಸೋತಿದ್ದಳು! ಕಾಗದದಲ್ಲಿ ಬ್ಯಾಂಕಿನ ಗಾಜಿನ ಹಿಂದೆ ನಗುತ್ತಿರುವ ಹುಡುಗಿಯ ಚಿತ್ರ. ಕೆಳಗೆ, ‘ಅರ್ಥಶಾಸ್ತ್ರ ಪದವಿ. ನಮ್ಮ ವಿದ್ಯಾರ್ಥಿಗಳಲ್ಲಿ ನೂರಕ್ಕೆ ನೂರು ಮಂದಿಗೆ ನೇಮಕ!’ ಮುಂದಿನ ಮಂಗಳವಾರದೊಳಗೆ ಮೊದಲ ವರ್ಷದ ಶುಲ್ಕ ಕಟ್ಟದಿದ್ದರೆ ಸೀಟು ಹೋಯಿತು ಎಂದು ಹೇಳಿ ಡಾಡ್ಜಿ ಹೋಗಿದ್ದ.

ಆ ಮಂಗಳವಾರ ಬಂದೇಬಿಟ್ಟಿತು. ಎಂಜಿನ್ ಕೊಳ್ಳುವವನು ಮಧ್ಯಾಹ್ನ ಬರುವವನಿದ್ದ. ಮಗಳು ಅರಬಾ ಅಂಗಳದಲ್ಲಿ ಕೂತು ಎಂಜಿನ್ ಒರೆಸುತ್ತಿದ್ದಳು. ಕಡಲು ಕೈತುಂಬ ಕೊಟ್ಟ ದಿನವೇ ಅಮ್ಮನ ಕೈ ಯಾಕೆ ಬರಿದಾಗುತ್ತದೆ ಎಂದು ಚಿಕ್ಕವಳಿದ್ದಾಗಿನಿಂದ ಕೇಳುತ್ತಿದ್ದವಳು ಅವಳು. ಅದಕ್ಕೇ ಅವಳಿಗೆ ಅರ್ಥಶಾಸ್ತ್ರವೇ ಬೇಕು.

ಆಗ ಬಂದಳು ಮನ್ಸಾ. ಪಕ್ಕದ ಓಣಿಯವಳು, ಅರ್ಥಶಾಸ್ತ್ರವನ್ನೇ ಓದಿದವಳು, ಈಗ ಜಿಲ್ಲಾ ಕಚೇರಿಯ ಅಂಕಿಅಂಶ ವಿಭಾಗದಲ್ಲಿದ್ದಾಳೆ. ಮಂಗಳವಾರ ಎಲ್ಲರೂ ಮನೆಯಲ್ಲಿ ಸಿಗುತ್ತಾರೆಂದು ಸಮೀಕ್ಷೆಗೆ ಬಂದಿದ್ದಳು.

“ಏನೇ ಅರಬಾ, ಎಂಜಿನ್‌ಗೆ ಮದುವೆ ಮಾಡ್ತಿದ್ದೀಯಾ? ಇಷ್ಟು ಹೊಳೀತಿದೆ!”

“ಮಾರ್ತಿದ್ದೀವಿ ಅಕ್ಕಾ. ನನ್ನ ಕಾಲೇಜಿಗೆ.”

ಮನ್ಸಾಳ ನಗು ಅಲ್ಲೇ ನಿಂತಿತು. ಕಾಗದ ಇಸಿದುಕೊಂಡು ಓದಿದಳು. ಓದುತ್ತ ಓದುತ್ತ ಮುಖ ಕೆಂಡವಾಯಿತು.

“ಬೆಂತ್ಸಿವಮ್ಮಾ, ಇದಕ್ಕೆ ಒಟ್ಟು ಎಷ್ಟಾಗುತ್ತೆ ಅಂತ ಕೇಳಿದ್ಯಾ?”

“ಬರೆದಿದೆಯಲ್ಲೇ. ವರ್ಷಕ್ಕೆ ಒಂಬತ್ತು ಸಾವಿರ ಸೆಡಿ.”

“ಅದು ಪಾಠಕ್ಕೆ. ಹಾಸ್ಟೆಲು? ಪರೀಕ್ಷೆ ಶುಲ್ಕ? ಊಟ? ಏನಿಲ್ಲ ಅಂದ್ರೂ ಇನ್ನಾರು ಸಾವಿರ ಸೇರಿಸು. ನಾಲ್ಕು ವರ್ಷ! ಈ ಹಳೇ ಎಂಜಿನ್ ಎರಡು ವರ್ಷಕ್ಕೂ ಸಾಲಲ್ಲ. ಮೂರನೇ ವರ್ಷ ಏನು ಮಾರ್ತೀಯಾ? ಗಂಡನ್ನಾ?”

ಬಲೆ ಹೊಲಿಯುತ್ತಿದ್ದ ಎಸ್ಸೆಲ್ ತಲೆ ಎತ್ತಲಿಲ್ಲ. “ನಂಗೆ ಅಷ್ಟು ಬೆಲೆ ಬರಲ್ಲ ಕಣಮ್ಮ” ಎಂದ.

ಬೆಂತ್ಸಿವಾಳಿಗೆ ನಗು ಬರಲಿಲ್ಲ. “ನೀನು ಮಾತ್ರ ಓದಿ ಕುರ್ಚಿ ಮೇಲೆ ಕೂರ್ಬೇಕು, ನನ್ನ ಮಗಳು ಹೊಗೇಲೇ ಬೇಯ್ಬೇಕು ಅಲ್ವಾ? ಹೊಟ್ಟೆಕಿಚ್ಚು ನಿಂಗೆ! ನೂರಕ್ಕೆ ನೂರು ಜನಕ್ಕೆ ಕೆಲಸ ಅಂತ ಅಚ್ಚು ಹಾಕಿದ್ದಾರೆ, ಸುಳ್ಳಾ?”

“ಸುಳ್ಳಲ್ಲಮ್ಮಾ. ಅದೇ ನನಗೆ ಉರಿಯೋದು. ಸುಳ್ಳಾಗಿದ್ರೆ ಜೈಲಿಗೆ ಹಾಕಿಸ್ಬಹುದಿತ್ತು!” ಮನ್ಸಾ ಚಿತ್ರದ ಮೇಲೆ ಬೆರಳಿಟ್ಟಳು. “ಈ ಹುಡುಗಿ ಕೊರಳಲ್ಲಿರೋ ಗುರುತಿನ ಚೀಟಿ ನೋಡು. ದೇಶಸೇವೆ ಚೀಟಿ. ಪದವಿ ಮುಗಿಸಿದವರೆಲ್ಲ ಒಂದು ವರ್ಷ ಸೇವೆ ಮಾಡ್ಬೇಕು, ಎಲ್ಲಿಗೆ ಅಂತ ಸರ್ಕಾರವೇ ಹಾಕುತ್ತೆ. ಚಿಲ್ಲರೆ ಭತ್ಯೆ ಕೊಡುತ್ತೆ. ದೇಶದ ಯಾವ ಕಾಲೇಜಲ್ಲಿ ಓದಿದ್ರೂ ಅಷ್ಟೇ. ಅದನ್ನೇ ಇವರು ನೇಮಕ ಅಂತ ಬರ್ಕೊಂಡಿದ್ದಾರೆ! ವರ್ಷ ಮುಗಿದ ದಿನ ಚೀಟಿ ವಾಪಸ್ ಇಸ್ಕೊಂಡು ಮನೆಗೆ ಕಳಿಸ್ತಾರೆ.”

“ಸುಮ್ಮನೆ ಯಾಕೆ ಕಳಿಸ್ತಾರೆ? ಚೆನ್ನಾಗಿ ದುಡಿದ್ರೆ ಇಟ್ಕೋತಾರೆ.”

“ನನ್ನ ಇಟ್ಕೊಂಡ್ರಾ?” ಮನ್ಸಾ ಕಾಗದವನ್ನು ಕೆಳಗಿಟ್ಟಳು. “ನಾನೂ ಬ್ಯಾಂಕಲ್ಲೇ ಸೇವೆ ಮಾಡಿದ್ದು. ಹೋಗೋವಾಗ ನೀವೆಲ್ಲ ಕುಣಿದ್ರಿ. ವರ್ಷ ಆದ್ಮೇಲೆ ವಾಪಸ್ ಬಂದಾಗ ಈ ದಡದಲ್ಲಿ ಏನು ಸುದ್ದಿ ಹಬ್ಬಿತ್ತು? ಮನ್ಸಾ ಬ್ಯಾಂಕಲ್ಲಿ ಕೈಚಳಕ ತೋರಿಸಿದ್ಲು, ಅದಕ್ಕೇ ಓಡಿಸಿದ್ರು ಅಂತ. ಎರಡು ವರ್ಷ ಮೊಬೈಲ್ ಕರೆನ್ಸಿ ಚೀಟಿ ಮಾರಿದೆ. ನನ್ನಮ್ಮ ಸಂತೆಗೆ ಹೋಗೋದೇ ಬಿಟ್ಲು. ಆ ಸುದ್ದಿ ಮೊದಲು ಹೇಳಿದ್ದು ಯಾರು ಅಂತ ನಂಗೆ ಗೊತ್ತು ಬೆಂತ್ಸಿವಮ್ಮಾ.”

ಬೆಂತ್ಸಿವಾ ಒಲೆಯ ಕಡೆ ತಿರುಗಿ, ಆರಿದ ಬೂದಿಯನ್ನು ಸುಮ್ಮನೆ ಕೆದಕಿದಳು. ಆ ಸುದ್ದಿ ಹುಟ್ಟಿದ್ದು ಆ ಒಲೆಯ ಪಕ್ಕದಲ್ಲೇ.

ಅರಬಾ ಮೆಲ್ಲಗೆ ಕೇಳಿದಳು. “ಅಕ್ಕಾ, ಎಂಜಿನ್ ಹೋದ್ರೆ ಅಮ್ಮನಿಗೆ ಮೊದಲ ಪಾಲಿನ ಮೀನೂ ಹೋಗುತ್ತೆ. ನಾಲ್ಕು ವರ್ಷದ ಮೀನು. ಅದನ್ನೂ ಶುಲ್ಕಕ್ಕೆ ಸೇರಿಸ್ಬೇಕಲ್ವಾ?”

ಮನ್ಸಾ ಕಣ್ಣೊರೆಸಿಕೊಂಡು ನಕ್ಕಳು. “ನೋಡು, ಅರ್ಥಶಾಸ್ತ್ರದ ಮೊದಲ ಪಾಠ ನಿನಗೆ ಬಿಟ್ಟಿಯಾಗಿ ಬಂತು. ನೀನು ಓದಲೇಬೇಕು ಹುಡುಗಿ. ಆದ್ರೆ ಹೀಗಲ್ಲ.”

ಅಷ್ಟರಲ್ಲಿ ಇಸ್ತ್ರಿ ಅಂಗಿಯ ಡಾಡ್ಜಿ ರಸೀತಿ ಪುಸ್ತಕ ಹಿಡಿದು ಅಂಗಳಕ್ಕೆ ಬಂದ. “ಏನಮ್ಮಾ, ಬ್ಯಾಂಕ್ ಮೇಡಂ ಅವರ ತಾಯೀ! ಹಣ ಸಿದ್ಧ ಇದೆಯಾ?”

ಬೆಂತ್ಸಿವಾ ಎದ್ದಳು. ಮೂಲೆಯಲ್ಲಿದ್ದ ಖಾಲಿ ಬೋಗುಣಿ ತಂದು ಅವನ ಮುಂದೆ ಧಡ್ಡನೆ ಬೋರಲು ಹಾಕಿದಳು.

“ಇದು ನಮ್ಮ ಕಟ್ಟಳೆ. ನಿನ್ನ ಬೋಗುಣೀನೂ ಮಗುಚಿ ತೋರಿಸು. ದೇಶಸೇವೆ ಮುಗಿದ್ಮೇಲೆ ನಿಮ್ಮ ಮಕ್ಕಳಲ್ಲಿ ಎಷ್ಟು ಜನ ಕೆಲಸದಲ್ಲಿ ಉಳಿದ್ರು?”

“ಅದು… ಅವರವರ ಅದೃಷ್ಟ ಅಮ್ಮಾ.”

“ನೂರರಲ್ಲಿ ಎಷ್ಟು? ಐವತ್ತಾ? ಹತ್ತಾ? ಒಂದು ಹೆಸರು ಹೇಳು. ನಾನೇ ಫೋನ್ ಮಾಡಿ ಕೇಳ್ತೀನಿ.”

“ಆ ಲೆಕ್ಕ ನಾವು ಇಟ್ಟಿಲ್ಲ.”

“ಶುಲ್ಕ ಎಷ್ಟು ಬಂತು ಅನ್ನೋ ಲೆಕ್ಕ ಇಟ್ಟಿದ್ದೀರಾ?”

ಅಕ್ಕಪಕ್ಕದ ಹೆಂಗಸರು ಬೇಲಿಯ ಬಳಿ ಗುಂಪಾಗಿದ್ದರು. ಮನ್ಸಾ ಕೇಳಿದಳು: “ನಿಮ್ಮ ಪದವಿಗೆ ಸರ್ಕಾರದ ಮಾನ್ಯತೆ ಇದೆಯಾ? ಪತ್ರ ತೋರಿಸಿ. ಮೂರನೇ ವರ್ಷ ಗಣಿತ, ಸಂಖ್ಯಾಶಾಸ್ತ್ರ ಕಲಿಸೋ ಮೇಷ್ಟ್ರು ಯಾರು?”

“ಇಲ್ಲಿ ಮೀನು ಮಾರ್ತಿದ್ದೀರಾ ನೀವು? ಇದು ವಿದ್ಯೆ!” ಡಾಡ್ಜಿ ಗದರಿದ.

“ಮೀನಾಗಿದ್ರೆ ಮೂಸಿದ್ರೇ ಗೊತ್ತಾಗ್ತಿತ್ತು ಕಣೋ!” ಬೆಂತ್ಸಿವಾ ಅಬ್ಬರಿಸಿದಳು. “ಕೊಳೆತ ಮೀನು ಕೊಂಡ್ರೆ ಒಂದು ದಿನ ಹೊಟ್ಟೆನೋವು. ನೀನು ಮಾರೋದಕ್ಕೆ ನನ್ನ ಮಗಳ ನಾಲ್ಕು ವರ್ಷ ಹೋಗುತ್ತೆ. ಆಮೇಲೆ ಅವಳು ಬರಿಗೈಲಿ ಬಂದ್ರೆ, ಇದೇ ದಡ ಅವಳನ್ನ ಕಳ್ಳಿ ಅನ್ನುತ್ತೆ. ನನ್ನಂಥ ಬಾಯಿಹರುಕಿಯರೇ ಅಂತಾರೆ! ಎತ್ತು ನಿನ್ನ ಪುಸ್ತಕ!”

ಬೇಲಿಯ ಹೆಂಗಸರು ಹೋ ಎಂದರು. ಡಾಡ್ಜಿಯ ಒಂದು ಚಪ್ಪಲಿ ಮರಳಿನಲ್ಲಿ ಹೂತುಹೋಯಿತು, ಅವನು ಅದನ್ನು ಕೈಯಲ್ಲಿ ಹಿಡಿದೇ ನಡೆದ. ಮಧ್ಯಾಹ್ನ ಬಂದ ಎಂಜಿನ್ ವ್ಯಾಪಾರಿಗೆ ಹುಳಿ ಬಂದ ಜೋಳದ ಹಿಟ್ಟಿನ ಕೆಂಕಿ ಉಂಡೆ, ಮೆಣಸಿನ ಖಾರ, ಹುರಿದ ಮೀನು ಸಿಕ್ಕಿತು. ಎಂಜಿನ್ ಸಿಗಲಿಲ್ಲ.

ಊಟ ಮುಗಿದ ಮೇಲೆ ಎಸ್ಸೆಲ್ ಮನ್ಸಾಳನ್ನು ಕೇಳಿದ: “ಹಂಗಾದ್ರೆ ಈ ಓದು ದಂಡ ಅಂತೀಯಾ?”

“ದಂಡ ಅಲ್ಲ ಎಸ್ಸೆಲಪ್ಪಾ. ಎರಡು ವರ್ಷ ಆದ್ಮೇಲೆ ನಂಗೆ ಅನ್ನ ಕೊಟ್ಟಿದ್ದು ಅದೇ. ಆದ್ರೆ ಬರೀ ಪದವಿ ಅಲ್ಲ. ಜೊತೆಗೆ ಸಂಖ್ಯಾಶಾಸ್ತ್ರ ಕಲಿತೆ, ಕಂಪ್ಯೂಟರಲ್ಲಿ ಅಂಕಿ ಜೋಡಿಸೋದು ಕಲಿತೆ. ಬ್ಯಾಂಕ್ ಒಂದೇ ಬಾಗಿಲಲ್ಲ. ಬೆಲೆ ಸಮೀಕ್ಷೆ, ಸಹಕಾರ ಸಂಘ, ಮೀನುಗಾರಿಕೆ ಕಚೇರಿ, ಎಲ್ಲಾ ಕಡೆ ಲೆಕ್ಕ ಬಲ್ಲವರು ಬೇಕು. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಶುಲ್ಕ ಇದರ ಅರ್ಧವೂ ಇಲ್ಲ. ಆದ್ರೆ ಅಲ್ಲಿ ಗಣಿತದ ಅಂಕ ಕೇಳ್ತಾರೆ.”

“ನನ್ನ ಗಣಿತದ ಅಂಕ ಸಾಲದು” ಎಂದಳು ಅರಬಾ. ಅವಳ ಕಣ್ಣು ತುಂಬಿತ್ತು. “ಒಂದು ವರ್ಷ ಹಾಳಾಗುತ್ತೆ.”

“ಒಂದು ವರ್ಷ ಹಾಳಾಗಲ್ಲ, ನಾಲ್ಕು ವರ್ಷ ಉಳಿಯುತ್ತೆ. ಮತ್ತೆ ಪರೀಕ್ಷೆ ಬರಿ. ಸಂಜೆ ನಾನು ಹೇಳ್ಕೊಡ್ತೀನಿ.”

ಬೆಂತ್ಸಿವಾ ಒಂದು ದೊಡ್ಡ ಹೊಗೆ ಮೀನನ್ನು ಕಾಗದದಲ್ಲಿ ಸುತ್ತಿದಳು. ಅದೇ ಬಣ್ಣದ ಕಾಗದ! ಅದನ್ನು ಮನ್ಸಾಳ ಕೈಗಿಟ್ಟು, “ನಿಮ್ಮಮ್ಮನಿಗೆ ಕೊಡು. ಇಲ್ಲ, ಬೇಡ, ನಾನೇ ಬರ್ತೀನಿ. ಹೇಳೋದಿದೆ ಅವಳಿಗೆ” ಎಂದು ತಲೆಗೆ ಬಟ್ಟೆ ಕಟ್ಟಿಕೊಂಡು ಹೊರಟಳು.

ಬುಧವಾರ ಬೆಳಗ್ಗೆ ಎಂಜಿನ್ ಎರಡು ಸಲ ಕೆಮ್ಮಿ ಶುರುವಾಯಿತು. ಎಣಿಕೆ ಮುಗಿಸಿದ ಕಡಲು ದೋಣಿಯನ್ನು ಒಳಗೆ ಕರೆದುಕೊಂಡಿತು. ದಡದಲ್ಲಿ ಅರಬಾ ಗಣಿತದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಅಪ್ಪನ ದಾರಿ ಕಾಯುತ್ತಿದ್ದಳು.

ಅಕ್ಕಂದಿರೇ, ಅಣ್ಣಂದಿರೇ, ಮಗಳನ್ನೋ ಮಗನನ್ನೋ ಕಾಲೇಜಿಗೆ ಕಳಿಸುವ ಎಲ್ಲರೇ, ನಿಮ್ಮ ಬಾಗಿಲಿಗೂ ಇಸ್ತ್ರಿ ಅಂಗಿಯವರು ಬರುತ್ತಾರೆ. ಅವರು ಬಂದಾಗ ನಾಚಬೇಡಿ. ನಾವು ಓದಿದವರಲ್ಲ ಎಂದು ತಲೆ ತಗ್ಗಿಸಬೇಡಿ. ಕೊನೆಯ ವರ್ಷದವರೆಗೆ ಒಟ್ಟು ಎಷ್ಟು ಖರ್ಚು, ಮನೆಯ ದುಡಿಮೆಯಲ್ಲಿ ಏನು ಕಳೆದುಕೊಳ್ಳುತ್ತೇವೆ, ಮಾನ್ಯತೆ ಇದೆಯೇ, ಮೊದಲು ಓದಿದವರು ಈಗ ಎಲ್ಲಿದ್ದಾರೆ ಎಂದು ಎದುರಿಗೇ ಕೇಳಿ. ಉತ್ತರ ಕೊಡುವ ಬದಲು ಸಿಟ್ಟಾಗುವವರ ರಸೀತಿಗೆ ಹಣ ಕೊಡಬೇಡಿ. ಹಾಗೆಯೇ, ಓದಿ ಕೆಲಸವಿಲ್ಲದೆ ಮನೆಗೆ ಬಂದ ಹುಡುಗಿ ನಿಮ್ಮ ಓಣಿಯಲ್ಲಿದ್ದರೆ, ಅವಳನ್ನು ಆಡಿಕೊಳ್ಳುವ ಮೊದಲು ಕರೆದು ಕೂರಿಸಿ, ಏನಾಯಿತೆಂದು ಕೇಳಿ. ನಿಮ್ಮ ಮಗುವನ್ನು ಉಳಿಸುವ ಮಾತು ಅವಳ ಬಳಿಯೇ ಇರಬಹುದು.