ಹೊಳೆಯ ಮಗ, ಕುಂಬಾರನ ಮಗ

ತುಳಿದ ಕಾಡುಪುದೀನ, ಒದ್ದೆ ಜೇಡಿಮಣ್ಣು. ಈ ಎರಡು ಸೇರಿದ ವಾಸನೆ ಮೂಗಿಗೆ ಬಂದರೆ ಸಾಕು, ತಿಮಾರೆತೆ ಮತ್ತೆ ಏಳು ವರ್ಷದ ಹುಡುಗಿಯಾಗಿಬಿಡುತ್ತಿದ್ದಳು. ಅರ್ಗೀಲೋಸ್ ಹೊಳೆಯ ದಂಡೆಯಲ್ಲಿ ತಾಯಿ ಬಟ್ಟೆ ಒಗೆಯುವಾಗ ಅವಳು ಪುದೀನದ ಮೇಲೆ ಬರಿಗಾಲಲ್ಲಿ ಕುಣಿಯುತ್ತಿದ್ದಳು. "ಹೊಳೆಯಪ್ಪನ ಹಾಸಿಗೆ ಕಣೇ ಅದು, ಇಳಿ" ಎಂದು ತಾಯಿ ಗದರುತ್ತಿದ್ದಳು. ಮುಂದೆ ಕುಂಬಾರ ಸಿಮೋಸನನ್ನು ಮದುವೆಯಾದಾಗ ಅವನ ಅಂಗೈಯಲ್ಲೂ ಅದೇ ವಾಸನೆ ಸಿಕ್ಕಿತು. ಅವನು ಜೇಡಿ ತರುತ್ತಿದ್ದದ್ದೂ ಆ ದಂಡೆಯಿಂದಲೇ.

ಈಗ ಅವಳಿಗೆ ಅರವತ್ತು ದಾಟಿದೆ. ಸಿಮೋಸ್ ಸತ್ತು ಹನ್ನೊಂದು ವರ್ಷ. ಮಗ ದೆಕ್ಸಿಯಾಸ್ ಸತ್ತು ಎರಡು ವರ್ಷ. ಶತ್ರುಗಳು ಹೊಳೆ ದಾಟಲು ಬಂದ ದಿನ ಅವನು ನಾಲ್ಕು ಜನರನ್ನು ಕಟ್ಟಿಕೊಂಡು ಕಡವಿನಲ್ಲಿ ನಿಂತ. ಊರ ಬಾಗಿಲು ಮುಚ್ಚುವಷ್ಟು ಹೊತ್ತು ಅವರನ್ನು ತಡೆದ. ಅಷ್ಟು ಜನರಲ್ಲಿ ತಿರುಗಿ ಬಂದವನು ತೆಲ್ಲಿಯಾಸ್ ಒಬ್ಬನೇ, ಅದೂ ಕುಂಟಿಕೊಂಡು. ತಿಮಾರೆತೆ ಮಗನನ್ನು ಊರಾಚೆಯ ದಾರಿಬದಿಯಲ್ಲಿ, ತಂದೆಯ ಪಕ್ಕದಲ್ಲೇ ಮಣ್ಣು ಮಾಡಿಸಿದಳು. ತಿಂಗಳ ಕೊನೆಯ ದಿನ ಪುದೀನ ಹಾಕಿದ ಜವೆಗೋಧಿಯ ಗಂಜಿಯನ್ನು ಗಡಿಗೆಯಲ್ಲಿ ಒಯ್ದು, ಇಬ್ಬರಿಗೂ ಒಂದೊಂದು ಪಾಲು ಹೊಯ್ದು, ತಳದಲ್ಲಿ ಉಳಿದದ್ದನ್ನು ತಾನು ಕುಡಿದು ಬರುತ್ತಿದ್ದಳು. ಅವಳ ತಿಂಗಳಿನಲ್ಲಿ ಊಟವೆಂದು ಲೆಕ್ಕಕ್ಕೆ ಬರುತ್ತಿದ್ದದ್ದು ಅದೊಂದೇ.

ಆ ಬೆಳಿಗ್ಗೆ ಗಂಜಿ ಕುದಿಯುತ್ತಿರುವಾಗ ಪಕ್ಕದ ಮನೆಯ ಕ್ಸಾಂಥೆ ಏದುಸಿರು ಬಿಡುತ್ತ ಒಳಗೆ ಬಂದು, ಕೇಳದೆಯೇ ಮಣೆ ಎಳೆದುಕೊಂಡು ಕೂತಳು.

"ದೆಲ್ಫಿಗೆ ದೇವವಾಣಿ ಕೇಳೋಕೆ ಹೋದವರು ಬಂದ್ರಂತೆ ಕಣೇ. ಆಚೆಯವರು ಮತ್ತೆ ದಂಡು ಕಟ್ತಿದಾರಲ್ಲ, ಊರು ಹೇಗೆ ಉಳಿಯತ್ತೆ ಅಂತ ಕೇಳಿದ್ರಲ್ಲ. ಕಡವು ಕಾದವನನ್ನ ಅರೆದೇವ ಅಂತ ಪೂಜೆ ಮಾಡಿ, ಅವನಪ್ಪ ಯಾವ ದೇವರು ಅನ್ನೋದನ್ನ ಅವನ ತಾಯೀನೇ ಕೇಳಿ ಅಂತ ಅಪ್ಪಣೆ ಆಗಿದೆಯಂತೆ."

ತಿಮಾರೆತೆ ಸೌಟನ್ನು ಹಾಗೇ ಹಿಡಿದು ನಿಂತಳು. "ಯಾವ ದೇವರು ಅಂದ್ರೆ? ಅವನಪ್ಪ ಸಿಮೋಸ್."

"ನಂಗೊತ್ತು ಮಾರಾಯ್ತಿ. ನನ್ನ ಮಕ್ಕಳ ವಿಷಯದಲ್ಲಿ ಹೀಗೆ ಯಾರೂ ಕೇಳಲ್ಲ, ಮುಖ ನೋಡಿದ್ರೇ ಸಾಕು, ದೇವರ ಮಕ್ಕಳಲ್ಲ ಅಂತ ಗೊತ್ತಾಗತ್ತೆ." ಕ್ಸಾಂಥೆ ನಗಲು ಹೋಗಿ, ಗೆಳತಿಯ ಮುಖ ನೋಡಿ ದನಿ ತಗ್ಗಿಸಿದಳು. "ಒಂದು ಮಾತು ನೆನಪಿಟ್ಕೊ. ಅರೆದೇವನ ಗೋರಿ ಸುತ್ತ ಬೇಲಿ ಹಾಕ್ತಾರೆ, ಅದರೊಳಗೆ ಹೆಂಗಸರನ್ನ ಬಿಡಲ್ಲ. ವರ್ಷಕ್ಕೊಂದು ಸಲ ಕರಿ ಟಗರಿನ ರಕ್ತ ಹೊಯ್ತಾರೆ, ಅಷ್ಟೆ. ಹೂಂ ಅಂದ್ರೆ ನಿನ್ನ ಗಡಿಗೆಗೆ ಅಲ್ಲಿ ಜಾಗ ಇಲ್ಲ. ಸಿಮೋಸ್ ಅಂತ ಹೇಳಿ ಎದ್ದು ಬಾ."

ಸಿಮೋಸ್ ಎಂದು ಹೇಳಿ ಎದ್ದು ಬರುವುದು. ಕಷ್ಟವೇನೂ ಇರಲಿಲ್ಲ. ಅಷ್ಟರಲ್ಲೇ ಹಿರಿಯರ ಕರೆ ಬಂದು, ಸಭೆಯ ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ಅವಳು ಆ ಹೆಸರನ್ನೇ ಬಾಯಲ್ಲಿ ಇಟ್ಟುಕೊಂಡು ಹೋದಳು.

ಹಿರಿಯ ಹೆಗೇಸಿಯಾಸ್ ಒಳ್ಳೆಯ ಮನುಷ್ಯ. ಬೆಂಕಿಯ ಹತ್ತಿರದ ತನ್ನ ಕುರ್ಚಿಯನ್ನೇ ಅವಳಿಗೆ ಬಿಟ್ಟುಕೊಟ್ಟು, ತಾನು ನಿಂತುಕೊಂಡೇ ಮಾತಾಡಿದ. ಅವಳ ಕೈಯನ್ನು ಊರ ಒಲೆಯ ಕಲ್ಲಿನ ಮೇಲೆ ಇಡಿಸಿದ. ಆ ಕಲ್ಲಿನ ಮೇಲೆ ಕೈಯಿಟ್ಟು ಸುಳ್ಳು ಹೇಳಿದವರ ಮನೆಯ ಬೆಂಕಿ ಆರುತ್ತದೆ ಎಂಬುದು ಮಕ್ಕಳಿಗೂ ಗೊತ್ತು.

"ಮದುವೆಗೆ ಮುಂಚೆ ಹೊಳೇಲಿ ಮಿಂದಿದ್ದೆ ಅಲ್ಲವೇನಮ್ಮ?"

"ಎಲ್ಲ ಹುಡುಗೀರೂ ಮೀಯ್ತಾರಲ್ಲ, ನಾನೂ ಮಿಂದೆ."

"ಮಿಂದು, ಹೊಳೆಯಪ್ಪಾ ನನ್ನ ಕನ್ಯತ್ವ ತಗೋ ಅಂತ ಮೂರು ಸಲ ಹೇಳಿದ್ದೆ, ಅಲ್ವಾ?"

"ಹೇಳ್ಲೇಬೇಕಲ್ಲ. ಅತ್ತೆ ದಡದಲ್ಲೇ ನಿಂತು ಎಣಿಸ್ತಿದ್ರು."

ಹಿಂದೆ ನಿಂತಿದ್ದವರಲ್ಲಿ ಯಾರೋ ಕಿಸಕ್ಕೆಂದರು. ಹೆಗೇಸಿಯಾಸ್ ಅತ್ತ ಒಂದು ಸಲ ನೋಡಿದ.

"ಆಗ ನೀರೊಳಗೆ ಏನಾದ್ರೂ ಆಯ್ತಾ?"

ನಲವತ್ತು ವರ್ಷದ ಹಿಂದಿನ ನೀರು. ಅವಳು ಕಣ್ಣು ಮುಚ್ಚಿದಳು. "ಕಾಲಿಗೆ ಏನೋ ತಣ್ಣಗೆ ಸುತ್ಕೊಂಡ ಹಾಗಾಯ್ತು. ಮೀನಿರಬೇಕು. ಜೊಂಡಿದ್ರೂ ಇರಬಹುದು. ಆದ್ರೆ ನನ್ನ ಮಗ ಸಿಮೋಸನ ಮಗ. ಅದೇ ಚಪ್ಪಟೆ ಮೂಗು. ನೀವೇ ನೋಡಿದೀರಿ."

"ಮೂಗು ನೋಡಿದೀವಮ್ಮ. ಆದ್ರೆ ದೇವರು ಹೆಂಗಸಿನ ಹತ್ರ ಬರುವಾಗ ಗಂಡನ ರೂಪದಲ್ಲಿ ಬರ್ತಾನೆ, ಗಂಡನದೇ ಮೂಗು ಇಟ್ಕೊಂಡು. ಎಷ್ಟು ಕಥೆ ಕೇಳಿಲ್ಲ ನಾವು. ಆ ದಿನಗಳಲ್ಲಿ ನಿನ್ನ ಹತ್ರ ಬಂದವನು ಸಿಮೋಸನೇ ಅಂತ ನಿಂಗೆ ಹೇಗೆ ಗೊತ್ತು?"

ಹೇಗೆ ಗೊತ್ತು? ದೀಪ ಇರುತ್ತಿರಲಿಲ್ಲ. ಅವನು ಮಾತಾಡುವವನೂ ಅಲ್ಲ. ಗೊತ್ತಾಗುತ್ತಿದ್ದದ್ದು ಕೈಯ ವಾಸನೆಯಿಂದ. ಜೇಡಿಮಣ್ಣು, ಪುದೀನ. ಬಾಯಿ ತೆರೆದು ಅದನ್ನೇ ಹೇಳಹೊರಟವಳು ಅರ್ಧಕ್ಕೇ ನಿಲ್ಲಿಸಿದಳು. ಹೊಳೆಯಪ್ಪ ಬಂದಿದ್ದರೂ ಅದೇ ವಾಸನೆ ಬರಬೇಕಲ್ಲವೇ? ಬಾಯಲ್ಲಿ ಕಾಪಾಡಿಕೊಂಡು ಬಂದಿದ್ದ ಹೆಸರು ಸಡಿಲವಾಯಿತು. ಕೈ ಇನ್ನೂ ಕಲ್ಲಿನ ಮೇಲಿತ್ತು. ಸಿಮೋಸ್ ಎಂದರೆ ನಿಜವಿರಬಹುದು. ಅಲ್ಲ ಎಂದರೂ ನಿಜವಿರಬಹುದು. ಆಣೆಯ ಕಲ್ಲು 'ಇರಬಹುದು' ಎನ್ನುವುದನ್ನು ಒಪ್ಪುತ್ತದೆಯೇ?

"ನಂಗೊತ್ತಿಲ್ಲ," ಎಂದಳು.

ಸಭೆಯಲ್ಲಿ ಒಂದು ನಿಟ್ಟುಸಿರು ಓಡಾಡಿತು. ಹೆಗೇಸಿಯಾಸ್ ಅವಳ ಕೈಯನ್ನು ಕಲ್ಲಿನಿಂದ ಮೆಲ್ಲಗೆ ಎತ್ತಿದ. "ಸುಳ್ಳು ಹೇಳೋಳು ಎಲ್ಲಾನೂ ಸರಿಯಾಗಿ ಹೇಳ್ತಾಳೆ. ದೇವರು ಬಂದು ಹೋದವರಿಗೆ ಕಣ್ಣಿಗೆ ಮಂಜು ಕಟ್ಟಿರತ್ತೆ. ಗೊತ್ತಿಲ್ಲ ಅನ್ನೋದೇ ಗುರುತು. ಅವನು ಹೊಳೆಯ ಮಗ."

"ನಾ ಹಾಗಂತ ಹೇಳ್ಲಿಲ್ವಲ್ಲ," ಎಂದಳು ತಿಮಾರೆತೆ. ಆದರೆ ಅಷ್ಟರಲ್ಲಿ ಎಲ್ಲರೂ ಎದ್ದು ನಿಂತಿದ್ದರು. ಕೆಲವರ ಕಣ್ಣಲ್ಲಿ ನೀರಿತ್ತು. ಚಳಿಗಾಲದುದ್ದಕ್ಕೂ ಹೆದರಿಕೊಂಡೇ ಮಲಗಿದ್ದ ಜನ. ಹೊರಗೆ ಅಪರಿಚಿತ ಹೆಂಗಸೊಬ್ಬಳು ಅವಳ ಸೆರಗನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ತಿಮಾರೆತೆ ಅವಳನ್ನು, ಊಟ ಆಯ್ತೇನಮ್ಮ ಎಂದು ಕೇಳಿದಳು.

ಆ ತಿಂಗಳ ಗಂಜಿ ಒಲೆಯ ಮೇಲೇ ಹೊತ್ತಿಹೋಗಿತ್ತು.

ಮುಂದಿನ ತಿಂಗಳು ದೆಕ್ಸಿಯಾಸನ ಗೋರಿಯ ಸುತ್ತ ಕಲ್ಲು ನೆಟ್ಟರು, ಹಗ್ಗ ಎಳೆದರು. ಕರಿ ಟಗರನ್ನೂ ಕಡಿದರು. ಅವಳು ಮನೆಯಲ್ಲೇ ಕೂತು ಕೊಳಲಿನ ಸದ್ದು ಕೇಳಿಸಿಕೊಂಡಳು. ಯೋಚನೆ ಎಲ್ಲಿ ಹಿಡಿದರೂ ಗಂಟಾಗುತ್ತಿತ್ತು. ಮಗ ಅರೆದೇವನಾದರೆ ಅವನಲ್ಲಿ ಅರ್ಧ ಮಾತ್ರ ತನ್ನದೇ? ಯಾವ ಅರ್ಧ? ಅವನಿಗೆ ಚಕ್ರ ತಿರುಗಿಸುವುದು ಕಲಿಸಿದ, ಜ್ವರ ಬಂದಾಗ ರಾತ್ರಿಯೆಲ್ಲ ಹೊತ್ತು ತಿರುಗಿದ ಸಿಮೋಸ್ ಈಗ ಅವನಿಗೆ ಏನಾಗಬೇಕು? ತನ್ನದೊಂದು ಮಾತಿನಿಂದ ಸತ್ತ ಗಂಡನ ಮಗನನ್ನು ಕಿತ್ತುಕೊಂಡೆನೇ? ಅಥವಾ ಇದೆಲ್ಲ ಮೊದಲಿನಿಂದ ಹೀಗೇ ಇದ್ದು ತನಗೊಬ್ಬಳಿಗೇ ತಿಳಿದಿರಲಿಲ್ಲವೇ?

ತಿಂಗಳ ಕೊನೆಯ ದಿನ ಬಂತು. ಗಂಜಿ ಮಾಡಬಾರದೆಂದುಕೊಂಡಳು. ಮಾಡಿದಳು. ಸಿಮೋಸನಿಗೆ ಮಾತ್ರ ಒಯ್ಯುತ್ತೇನೆ, ಅವನು ಬೇಲಿಯ ಹೊರಗೇ ಇದ್ದಾನೆ, ಎಂದುಕೊಂಡಳು. ಆದರೂ ಎಂದಿನಂತೆ ಗಡಿಗೆಯ ತುಂಬ ಹೊಯ್ದುಕೊಂಡಳು.

ಅಲ್ಲಿ ತೆಲ್ಲಿಯಾಸ್ ಪೊರಕೆ ಹಿಡಿದು ಬೇಲಿಯೊಳಗೆ ಗುಡಿಸುತ್ತಿದ್ದ. ಅರೆದೇವನ ಚಾಕರಿಗೆ ಊರವರು ಅವನನ್ನೇ ನೇಮಿಸಿದ್ದರು. ಅವಳನ್ನು ಕಂಡು ಪೊರಕೆ ನಿಲ್ಲಿಸಿದ.

"ಬಂದ್ಯಾ ಅಮ್ಮ? ಬರ್ತೀಯೋ ಇಲ್ವೋ ಅಂದ್ಕೊಂಡಿದ್ದೆ."

"ಒಳಗೆ ಬರಲ್ಲಪ್ಪ. ಇವನಿಗೆ ಹೊಯ್ದು ಹೋಗ್ತೀನಿ," ಎಂದು ಗಂಡನ ಗೋರಿಯ ಪಕ್ಕ ಕೂತಳು. ಅರ್ಧ ಗಂಜಿಯನ್ನು ಅವನ ಮಣ್ಣಿಗೆ ಹೊಯ್ದಳು. ಗಡಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೇ ಇದ್ದಳು.

"ಅವತ್ತು ರಕ್ತ ಹೊಯ್ದಿರಲ್ಲ," ಎಂದಳು. "ಕುಡಿದನಾ?"

"ಮಣ್ಣು ಹೀರ್ಕೊಂಡ್ತು. ಅವನು ಕುಡಿದನೋ ಇಲ್ವೋ, ನಂಗೆ ಹೇಗೆ ಗೊತ್ತಾಗತ್ತೆ."

"ಮನೇಲಿ ಹಂದಿ ಕಡಿಯುವಾಗ ಮುಖ ತಿರುಗಿಸ್ತಿದ್ದ. ಸಿಮೋಸ್ ಬೈತಿದ್ದ, ಕುಂಬಾರನಿಗೆ ಇಷ್ಟು ನಾಜೂಕು ಆಗಲ್ಲ ಅಂತ."

ತೆಲ್ಲಿಯಾಸ್ ಮುಗುಳ್ನಕ್ಕ. "ಕಡವಿನಲ್ಲೂ ಹಾಗೇ ಅಮ್ಮ. ಆ ಬೆಳಿಗ್ಗೆ ವಾಂತಿ ಮಾಡ್ಕೊಂಡ. ಮಾಡ್ಕೊಂಡು, ಬಾಯಿ ಒರೆಸ್ಕೊಂಡು, ಮುಂದೆ ಹೋಗಿ ನಿಂತ." ಅವನು ನೆಲ ನೋಡಿದ. "ಇದನ್ನ ಹೆಗೇಸಿಯಾಸ್‌ಗೆ ಹೇಳಿಲ್ಲ."

ಆಗ ಅವಳು ಹಗ್ಗವನ್ನು ಗಮನಿಸಿದಳು. ಬೇರೆ ಎಲ್ಲ ಕಡೆ ಅದು ಸೊಂಟದೆತ್ತರಕ್ಕೆ ಬಿಗಿಯಾಗಿತ್ತು. ಸಿಮೋಸನ ಗೋರಿಯ ಪಕ್ಕದಲ್ಲಿ ಮಾತ್ರ ಇಳಿಬಿದ್ದು, ಕೂತವಳ ಮೊಣಕಾಲಿಗೆ ಬರುವಷ್ಟೇ ಇತ್ತು. ಗಂಟು ಹೊಸದು.

"ಇಲ್ಲಿ ಸಡಿಲ ಇದೆಯಲ್ಲೋ."

"ಇಲ್ಲಿ ಕಲ್ಲು ಸರಿಯಾಗಿ ನಿಲ್ಲಲಿಲ್ಲಮ್ಮ," ಎಂದ ತೆಲ್ಲಿಯಾಸ್, ಅವಳ ಮುಖ ನೋಡದೆ.

ಕಲ್ಲು ಚೆನ್ನಾಗಿಯೇ ನಿಂತಿತ್ತು. ಒಳಗಿರುವವನು ಯಾರ ಮಗ ಎಂಬುದು ಅವಳಿಗೆ ಇನ್ನೂ ತಿಳಿದಿರಲಿಲ್ಲ. ಮಡಿಲಿನ ಗಡಿಗೆ ಬೆಚ್ಚಗಿತ್ತು. ತೆಲ್ಲಿಯಾಸ್ ಪೊರಕೆಯನ್ನು ಮರಕ್ಕೆ ಒರಗಿಸಿ, ಎರಡೂ ಕೈಗಳನ್ನು ಬಟ್ಟೆಗೆ ಒರೆಸಿಕೊಂಡು, ಕುಂಟುತ್ತ ಹತ್ತಿರ ಬಂದು ನಿಂತ.

"ಅರ್ಧ ಅವನಿಗೆ," ಎಂದಳು. "ತಳದಲ್ಲಿ ಉಳಿಯೋದು ನಿಂಗೆ. ಹೆಚ್ಚು ಹೊತ್ತು ಬಿಡಬೇಡ, ಗಟ್ಟಿಯಾಗತ್ತೆ."

ಹಗ್ಗದ ಮೇಲಿನಿಂದ ಗಡಿಗೆಯನ್ನು ಅವನ ಕೈಗೆ ಕೊಟ್ಟಳು.